ಎರ್ಲ್ ಮರದ ಅರಸ

ಕಳೆದ ವರ್ಷ ಒಂದು ದಿನ ನಮ್ಮ ಐಚ್ಛಿಕ ಇಂಗ್ಲಿಷ್ ತರಗತಿಯಲ್ಲಿ ಅಧ್ಯಾಪಕರು ಜರ್ಮನ್ ಕವಿ ಗಯಟೆಯ ಕಥನಕವನವೊಂದರ ಇಂಗ್ಲಿಷ್ ಭಾಷಾಂತರವನ್ನು ಓದಿದರು. ಅದು ನಮ್ಮ ಪಠ್ಯದಲ್ಲಿರಲಿಲ್ಲ. ಪಾಠ ಬೇಗ ಮುಗಿದು, ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಉಳಿದಿದ್ದುದರಿಂದ ಓದಿದರಷ್ಟೆ. ಕವನದ ಹೆಸರು ‘ಎರ್ಲ್ ಕಿಂಗ್’. ಓದಿ ಮುಗಿಸಿ, “ಕಿಂಗ್ ಎಂದರೆ ಅರಸ, ಅದು ನಿಮಗೆ ಗೊತ್ತು. ಎರ್ಲ್ ಎಂದರೇನು?” ಎಂದು ಕೇಳಿದರು. ಹಿಂದಿನ ಬೆಂಚಿನ ಮಿತ್ರನೊಬ್ಬ ಎದ್ದುನಿಂತು, “ಜಹಗೀರ್ದಾರ, ಸಾರ್” ಎಂದ. ಇಂಗ್ಲೆಂಡಿನಲ್ಲಿ ‘ಅರ್ಲ್’ ಎಂಬ ಪದವಿಯೊಂದಿದೆಯಲ್ಲವೆ, ಅದನ್ನು ನೆನೆಸಿಕೊಂಡು ಹೇಳಿದ್ದ. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರು ನಗಲಿಲ್ಲ. “ತಪ್ಪು. ಆದರೆ ಈ ಪದದ ವಿಷಯದಲ್ಲಿ ತಪ್ಪಿದವರಲ್ಲಿ ನೀನು ಮೊದಲನೆಯವನಲ್ಲ. ನಿನಗಿಂತ ಬಹಳ ದೊಡ್ಡವರು ತಪ್ಪಿದ್ದಾರೆ. ಹುಡುಕಿಕೊಂಡು ಬನ್ನಿ” ಎಂದು ಹೇಳಿ ಹೊರಟುಹೋದರು.

ಆ ದಿನ ನಗದೆ ಕುಳಿತಿದ್ದವರಲ್ಲಿ ನಾನೂ ಒಬ್ಬ. ಅದಕ್ಕೆ ಕಾರಣ ಬೇರೆ, ಮುಂದೆ ಹೇಳುತ್ತೇನೆ. ಸದ್ಯಕ್ಕೆ, ಹುಡುಕಿಕೊಂಡು ಬಂದುದನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಶಾಕುಂತಲವನ್ನು ಜರ್ಮನ್ ಭಾಷಾಂತರದಲ್ಲಿ ಓದಿ ಮನಸಾರೆ ಹೊಗಳಿದವನೆಂದು ಗಯಟೆಯ ಹೆಸರು ನಮಗೆಲ್ಲ ಪರಿಚಿತವೇ. ಅವನು ಈ ಕವನವನ್ನು ಪ್ರಕಟಪಡಿಸಿದ್ದು 1782ರಲ್ಲಿ. ಎಂಟೇ ಪದ್ಯಗಳು, ಮೂವತ್ತೆರಡೇ ಪಂಕ್ತಿಗಳು. ಕಥೆಯೂ ಚಿಕ್ಕದು. ರಾತ್ರಿಯ ಹೊತ್ತು, ಗಾಳಿ ಬೀಸುತ್ತಿದೆ. ತಂದೆಯೊಬ್ಬ ತನ್ನ ಮಗುವನ್ನು ತೋಳಿನಲ್ಲಿ ಅಪ್ಪಿಕೊಂಡು ಕುದುರೆಯ ಮೇಲೆ ಹೋಗುತ್ತಿದ್ದಾನೆ. ಮಗು ಮುಖ ಮುಚ್ಚಿಕೊಳ್ಳುತ್ತದೆ. ಏಕೆಂದು ಕೇಳಿದರೆ, ಕಿರೀಟ ಧರಿಸಿದ ಎರ್ಲ್ ಅರಸ ಅಲ್ಲಿ ನಿಂತಿದ್ದಾನೆ, ನಿನಗೆ ಕಾಣುವುದಿಲ್ಲವೆ ಎನ್ನುತ್ತದೆ. ಅದು ಮಂಜು ಎನ್ನುತ್ತಾನೆ ತಂದೆ. ಅರಸ ಮಗುವಿಗೆ ಮಾತ್ರ ಕೇಳಿಸುವಂತೆ ಮೃದುವಾಗಿ ಮಾತನಾಡುತ್ತಾನೆ. ಆಟ, ಬಣ್ಣಬಣ್ಣದ ಹೂ, ತನ್ನ ತಾಯಿಯ ಬಳಿಯಿರುವ ಚಿನ್ನದ ಉಡುಪು, ಎಲ್ಲದರ ಆಸೆಯನ್ನೂ ತೋರಿಸುತ್ತಾನೆ. ಕೇಳಿಸಲಿಲ್ಲವೆ ಅಪ್ಪ ಎಂದರೆ, ಒಣಗಿದೆಲೆಗಳಲ್ಲಿ ಗಾಳಿಯ ಸದ್ದು ಎನ್ನುತ್ತಾನೆ ತಂದೆ. ನನ್ನ ಹೆಣ್ಣುಮಕ್ಕಳು ನಿನ್ನನ್ನು ತೂಗಿ ಹಾಡಿ ಮಲಗಿಸುವರು ಎನ್ನುತ್ತಾನೆ ಅರಸ. ಅಲ್ಲಿ ನೋಡು ಅವರು ಎಂದು ಮಗು ತೋರಿಸಿದರೆ, ಅವು ಹಳೆಯ ವಿಲೋ ಮರಗಳು, ಬೂದುಬಣ್ಣಕ್ಕೆ ಕಾಣುತ್ತಿವೆ ಎನ್ನುತ್ತಾನೆ ತಂದೆ. ಕೊನೆಗೆ ಅರಸನ ಮೃದುತ್ವ ಹೊರಟುಹೋಗುತ್ತದೆ. ನೀನಾಗಿ ಬಾರದಿದ್ದರೆ ಬಲಾತ್ಕಾರದಿಂದ ಒಯ್ಯುತ್ತೇನೆ ಎನ್ನುತ್ತಾನೆ. ಮಗು ಚೀರುತ್ತದೆ. ತಂದೆಯ ಮೈ ನಡುಗುತ್ತದೆ, ಕುದುರೆಯನ್ನು ಓಡಿಸುತ್ತಾನೆ, ಹೇಗೋ ಮನೆಯ ಅಂಗಳವನ್ನು ಮುಟ್ಟುತ್ತಾನೆ. ತೋಳಿನಲ್ಲಿದ್ದ ಮಗು ಸತ್ತಿತ್ತು.

ಇದರಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ‘ಎರ್ಲೆ’ ಎಂದರೆ ಜರ್ಮನ್ ಭಾಷೆಯಲ್ಲಿ ಒಂದು ಮರ. ಇಂಗ್ಲಿಷರು ಅದನ್ನು ಆಲ್ಡರ್ ಎನ್ನುತ್ತಾರೆ. ಆದ್ದರಿಂದ ಗಯಟೆಯ ಅರಸ ಮರದ ಅರಸನೆಂದಾಯಿತು. ಆದರೆ ಕವನದಲ್ಲಿ ಮಂಜಿದೆ, ಒಣಗಿದೆಲೆಯಿದೆ, ವಿಲೋ ಇದೆ. ಎರ್ಲೆ ಮರ ಮಾತ್ರ ಒಂದೇ ಒಂದು ಇಲ್ಲ. ಅರಸನ ಹೆಸರಿನಲ್ಲಲ್ಲದೆ ಮತ್ತೆಲ್ಲಿಯೂ ಆ ಮರ ಕಾಣುವುದಿಲ್ಲ. ಹಾಗಾದರೆ ಅದು ಹೆಸರಿನೊಳಕ್ಕೆ ಹೇಗೆ ಹೊಕ್ಕಿತು?

ಹೊಕ್ಕಿದ್ದು ಡೆನ್ಮಾರ್ಕಿನಿಂದ. ಅಲ್ಲಿ ‘ಸರದಾರ ಓಲುಫ್’ ಎಂಬುವನ ಮೇಲೆ ಹಳೆಯ ಲಾವಣಿಯೊಂದಿದೆ. ಓಲುಫ್ ತನ್ನ ಮದುವೆಗೆ ನೆಂಟರನ್ನು ಕರೆಯಲು ರಾತ್ರಿಯಲ್ಲಿ ಕುದುರೆಯೇರಿ ಹೊರಟವನು. ದಾರಿಯಲ್ಲಿ ಯಕ್ಷಿಣಿಯರು ಕುಣಿಯುತ್ತಿರುತ್ತಾರೆ. ಅವರ ಅರಸನ ಮಗಳು ಇವನನ್ನು ಕುಣಿಯಲು ಕರೆಯುತ್ತಾಳೆ. ಚಿನ್ನ ಕೊಡುತ್ತೇನೆ ಎನ್ನುತ್ತಾಳೆ. ನಾಳೆ ನನ್ನ ಮದುವೆ, ಆಗದು ಎನ್ನುತ್ತಾನೆ. ಅವಳು ಅವನ ಎದೆಗೆ ಹೊಡೆಯುತ್ತಾಳೆ. ಮುಖ ಬಿಳಿಚಿಕೊಂಡು ಮನೆಗೆ ಹಿಂತಿರುಗಿದ ಓಲುಫ್ ಬೆಳಗಾಗುವುದರೊಳಗೆ ಹೆಣವಾಗಿರುತ್ತಾನೆ. ಯಕ್ಷಿಣಿ ಎಂದು ನಾನು ಬರೆದದ್ದು ಬೇರೆ ಪದ ತೋಚದೆ. ಉತ್ತರ ಯೂರೋಪಿನವರ ‘ಎಲ್ಫ್’ ಎಂಬ ಅಮಾನುಷ ಕುಲಕ್ಕೆ ನಮ್ಮಲ್ಲಿ ಯಕ್ಷರೇ ಹತ್ತಿರದವರು. ಯಕ್ಷರೂ ಮರಗಳಲ್ಲಿ ವಾಸಿಸುವವರೆಂದೇ ಪ್ರಾಚೀನರ ನಂಬಿಕೆ.

ಈ ಲಾವಣಿಯನ್ನು ಜರ್ಮನ್ ಭಾಷೆಗೆ ತಂದವನು ಹೆರ್ಡರ್. ನಾನಾ ಜನಾಂಗಗಳ ಹಾಡುಗಳನ್ನು ಕೂಡಿಸಿ 1778–79ರಲ್ಲಿ ಅವನು ಹೊರತಂದ ಸಂಗ್ರಹದಲ್ಲಿ ಇದೂ ಸೇರಿತು. ವಿದ್ವಾಂಸ, ದಾರ್ಶನಿಕ, ಗಯಟೆಗೆ ಗುರುಸ್ಥಾನದಲ್ಲಿದ್ದವನು. ಡೇನಿಷ್ ಭಾಷೆಯಲ್ಲಿ ಯಕ್ಷರಾಜನಿಗೆ ‘ಎಲ್ಲರ್‌ಕೊಂಗೆ’ ಎಂದೂ ಒಂದು ರೂಪವಿದೆ. ಇಲ್ಲಿಯ ‘ಎಲ್ಲರ್’ ಎಂದರೆ ಎಲ್ಫ್, ಯಕ್ಷ. ಆದರೆ ಅದೇ ಡೇನಿಷಿನಲ್ಲಿ ‘ಎಲ್’, ‘ಎಲ್ಲೆ’ ಎಂದರೆ ಆಲ್ಡರ್ ಮರವೂ ಹೌದು. ಜರ್ಮನಿಯ ಉತ್ತರದ ಆಡುಮಾತಿನಲ್ಲಿಯೂ ಆ ಮರವನ್ನು ‘ಎಲ್ಲರ್’ ಎನ್ನುತ್ತಾರೆ. ಹೆರ್ಡರನ ಕಿವಿಗೆ ಕೇಳಿಸಿದ್ದು ಮರ. ‘ಯಕ್ಷರಾಜನ ಮಗಳು’ ಎಂದಾಗಬೇಕಾಗಿದ್ದದ್ದು ‘ಎರ್ಲ್ ಅರಸನ ಮಗಳು’ ಆಯಿತು. ಗಯಟೆ ಮಗಳನ್ನು ಹಿಂದಕ್ಕೆ ಸರಿಸಿ ಅಪ್ಪನನ್ನೇ ಮುಂದಕ್ಕೆ ಕರೆತಂದ. ಮದುಮಗನ ಜಾಗದಲ್ಲಿ ಮಗುವನ್ನು ಇಟ್ಟ. ಹೀಗೆ ಎರಡೇ ಹೆಜ್ಜೆಯಲ್ಲಿ, ಮೊದಲು ಎಲ್ಲಿಯೂ ಇಲ್ಲದಿದ್ದ ದುಷ್ಟ ವೃಕ್ಷರಾಜನೊಬ್ಬ ಹುಟ್ಟಿಕೊಂಡ. ನಮ್ಮ ಹಿಂದಿನ ಬೆಂಚಿನ ಮಿತ್ರ ಇದನ್ನು ಕೇಳಿ ಬಹಳ ಸಂತೋಷಪಟ್ಟ.

ಹೆರ್ಡರನ ತಪ್ಪನ್ನು ಮುಂದಿನ ಭಾಷಾಪಂಡಿತರು ಎತ್ತಿ ತೋರಿಸಿದ್ದಾರೆ. ತಿಳಿದೇ ಮಾಡಿದನೆನ್ನುವವರೂ ಇದ್ದಾರೆ. ಇರಲಿ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ತಪ್ಪಿನಿಂದ ಹುಟ್ಟಿದ ಈ ಅರಸ ಇನ್ನೂರೈವತ್ತು ವರ್ಷವಾಗುತ್ತ ಬಂದರೂ ಸಾಯಲಿಲ್ಲವೇಕೆ? ಬೇರೊಂದು ಮರದ ಹೆಸರು ಅಕಸ್ಮಾತ್ತಾಗಿ ಅಂಟಿಕೊಂಡಿದ್ದರೆ ಇಷ್ಟು ದಿನ ಬಾಳುತ್ತಿದ್ದನೆ?

ಇದಕ್ಕೆ ಆ ಮರದ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಆಲ್ಡರ್ ಬೆಳೆಯುವುದು ಹೊಳೆಯ ದಂಡೆಯಲ್ಲಿ, ಜೌಗುನೆಲದಲ್ಲಿ. ಎಂದರೆ ಮಂಜು ಮೊದಲು ಏಳುವ, ಕತ್ತಲಲ್ಲಿ ಕಾಲಿಟ್ಟವನು ಹೂತುಹೋಗುವ ಜಾಗಗಳಲ್ಲಿ. ಶೀತದೇಶದ ಇತರ ಮರಗಳ ಎಲೆ ಉದುರುವ ಮೊದಲು ಹಳದಿಗೋ ಕೆಂಪಿಗೋ ತಿರುಗುತ್ತದೆ; ಇದರದು ಹೆಚ್ಚುಕಡಿಮೆ ಹಸಿರಾಗಿರುವಾಗಲೇ ಉದುರುತ್ತದೆ. ಬರಿದಾದ ಕೊಂಬೆಗಳಲ್ಲಿ ಕರಿಯ ಪುಟ್ಟ ಕಾಯಿಗಳು ಚಳಿಗಾಲವೆಲ್ಲ ನೇತಾಡುತ್ತಿರುತ್ತವೆ. ಎಲ್ಲಕ್ಕಿಂತ ಭಯಂಕರವಾದದ್ದು ಇದರ ಮೈ. ಕೊಡಲಿಯೇಟು ಬಿದ್ದಾಗ ಒಳಗಿನ ಕಟ್ಟಿಗೆ ಬೆಳ್ಳಗಿರುತ್ತದೆ. ನೋಡುನೋಡುತ್ತಿದ್ದಂತೆ ಗಾಯ ಕಿತ್ತಳೆಗೆಂಪಾಗಿ ರಕ್ತ ಸುರಿದಂತೆ ಕಾಣುತ್ತದೆ. ನಮ್ಮ ಹೊನ್ನೆಯ ಮರವನ್ನು ಕಡಿದಾಗ ಕೆಂಪು ಅಂಟು ಒಸರುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಆದರೆ ಮರದ ಮೇಲೆ ಅಪವಾದ ಹೊರಿಸಿ ಬಿಟ್ಟುಬಿಡುವುದು ನ್ಯಾಯವಲ್ಲ. ನಾನು ರೈತರ ಮನೆಯವನು. ಇದರ ಬೇರಿನಲ್ಲಿ ಗಂಟುಗಳಿವೆ; ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ನಮ್ಮ ನೆಲಗಡಲೆ ಹುರುಳಿಗಳ ಬೇರುಗಂಟಿನಲ್ಲಿರುವಂತೆಯೇ, ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಜೀವಿಯ ಜಾತಿ ಬೇರೆ, ಕೆಲಸ ಒಂದೇ. ನಾಗಾಲ್ಯಾಂಡಿನ ಖೋನೋಮಾ ಎಂಬ ಹಳ್ಳಿಯಲ್ಲಿ ಇದೇ ಕುಲದ ಹಿಮಾಲಯದ ಆಲ್ಡರನ್ನು ಹೊಲಗಳಲ್ಲಿ ಬೆಳೆಸಿ, ತಲೆಯನ್ನು ಸವರಿ, ಬುಡವನ್ನು ಉಳಿಸಿಕೊಂಡು, ನಡುವೆ ಬೆಳೆ ತೆಗೆಯುತ್ತಾರೆ. ಕಟ್ಟಿಗೆ ನೀರೊಳಗಿದ್ದಷ್ಟು ಕಾಲವೂ ಕೊಳೆಯುವುದಿಲ್ಲ. ಇಷ್ಟು ಉಪಕಾರಿಯಾದ ಮರ ಜರ್ಮನರ ಕೈಯಲ್ಲಿ ಮಕ್ಕಳನ್ನು ಕೊಲ್ಲುವ ಅರಸನಾಯಿತು.

ಇನ್ನು ಡೇನರ ವಿಷಯ. ಹೆರ್ಡರ್ ಎರಡು ಪದಗಳನ್ನು ಬೆರೆಸಿದನೆಂದು ನಗುವ ಮೊದಲು ಅವರ ಹಳ್ಳಿಗರು ನಂಬುತ್ತಿದ್ದುದನ್ನು ಕೇಳಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಥೀಲೆ ಎಂಬಾತ ಅವರ ಐತಿಹ್ಯಗಳನ್ನು ಸಂಗ್ರಹಿಸಿದ. ಎಲ್ಲೆ-ಜನರ ಹೆಂಗಸು ಎದುರಿನಿಂದ ನೋಡಿದರೆ ಸುಂದರಿ. ಬೆನ್ನು ಮಾತ್ರ ಹಿಟ್ಟು ನಾದುವ ಮರಿಗೆಯಂತೆ ಟೊಳ್ಳು. ಸ್ಟೋರ್ ಹೆಡ್ಡಿಂಗೆ ಎಂಬ ಊರಿನಲ್ಲಿ ಹಳೆಯ ಓಕ್ ತೋಪಿನ ಕೆಲವು ಮರಗಳು ಉಳಿದಿದ್ದವು. ಅವು ಹಗಲು ಮರ, ರಾತ್ರಿ ಎಲ್ಲೆ-ಅರಸನ ಸೈನಿಕರು. ರೂಗಾರ್ಡ್ ಎಂಬಲ್ಲಿನ ಕಾಡಿನಲ್ಲಿ ಎಲೆಯೇ ಇಲ್ಲದ ಮರವೊಂದಿತ್ತು. ರಾತ್ರಿಯಾದರೆ ಅದೊಂದೇ ಮರ ಎಲ್ಲೆ-ಜನರ ಇಡೀ ಗುಂಪಾಗಿ ಓಡಾಡುತ್ತಿತ್ತು, ಅದರ ಕೊಂಬೆ ಮುರಿಯಲು ಯಾರಿಗೂ ಧೈರ್ಯವಿರಲಿಲ್ಲ. ಇನ್ನೊಂದು ಕಡೆ ರೈತನ ಹಿತ್ತಲಿನಲ್ಲಿ ಎಲ್ಡರ್ ಎಂಬ ಗಿಡ. ಇದು ಆಲ್ಡರ್ ಅಲ್ಲ, ಬೇರೆ. ಹೆಸರಿನ ಹೋಲಿಕೆಯಿಂದ ನಾನೂ ಒಮ್ಮೆ ಮೋಸಹೋದೆ. ಅದು ಮುಸ್ಸಂಜೆಯಲ್ಲಿ ಅಂಗಳದಲ್ಲಿ ತಿರುಗಾಡಿ, ಮನೆಯಲ್ಲಿ ಮಕ್ಕಳು ಮಾತ್ರ ಇದ್ದಾಗ ಕಿಟಕಿಯಿಂದ ಇಣಿಕಿ ನೋಡುತ್ತಿತ್ತಂತೆ. ಇದನ್ನು ಓದಿದ ರಾತ್ರಿ ಹಾಸ್ಟೆಲಿನಲ್ಲಿ ನನ್ನ ಹಾಸಿಗೆಯನ್ನು ಕಿಟಕಿಯ ಬಳಿಯಿಂದ ಎಳೆದುಕೊಂಡೆನೆಂದು ಹೇಳಿದರೆ ಮಿತ್ರರು ನಗಬಾರದು.

ಎಂದರೆ, ಮರವೂ ಯಕ್ಷರೂ ಡೇನರ ಮನಸ್ಸಿನಲ್ಲಿಯೇ ಆಗಲೇ ಒಂದಾಗಿದ್ದರು. ಹೆರ್ಡರ್ ತಪ್ಪು ಬಾಗಿಲಿನಿಂದ ಸರಿಯಾದ ಮನೆಯನ್ನೇ ಹೊಕ್ಕನೆಂದು ನನಗೆ ತೋರುತ್ತದೆ.

ಗಯಟೆಯ ಕವನ ಮೊದಲು ಹೊರಬಿದ್ದ ಸಂದರ್ಭವೂ ಸ್ವಾರಸ್ಯವಾಗಿದೆ. ವೈಮಾರಿನ ಹತ್ತಿರ ಟೀಫುರ್ಟ್ ಎಂಬಲ್ಲಿ, ಇಲ್ಮ್ ಹೊಳೆಯ ದಂಡೆಯ ಉದ್ಯಾನದಲ್ಲಿ, 1782ರ ಜುಲೈ ತಿಂಗಳಿನಲ್ಲಿ ‘ಬೆಸ್ತರ ಹುಡುಗಿ’ ಎಂಬ ಅವನ ಗೀತನಾಟಕವನ್ನು ಬಯಲಿನಲ್ಲಿ ಆಡಿದರು. ರಂಗವೇ ಹೊಳೆಯ ದಂಡೆಯ ಎತ್ತರವಾದ ಎರ್ಲೆ ಮರಗಳ ಕೆಳಗಿನ ಬೆಸ್ತರ ಗುಡಿಸಲುಗಳು. ಊಟಕ್ಕೆ ಬಾರದೆ ತಡಮಾಡುತ್ತಿರುವ ತಂದೆಯನ್ನೂ ವರನನ್ನೂ ಕಾಯುತ್ತ, ಕೆಲಸ ಮಾಡುತ್ತ, ಹುಡುಗಿ ಈ ಹಾಡನ್ನು ಹಾಡಿಕೊಳ್ಳುತ್ತಾಳೆ. ಆ ಪಾತ್ರ ವಹಿಸಿದ ಕೊರೋನಾ ಶ್ರೋಟರ್ ಎಂಬಾಕೆಯೇ ಮೊದಲ ರಾಗವನ್ನೂ ಕೂಡಿಸಿದಳು. ಕವನದೊಳಗೆ ಇಲ್ಲದ ಮರಗಳು ಅವಳ ತಲೆಯ ಮೇಲೆಯೇ ನಿಂತಿದ್ದವು. ಹೇಳುವ ಅಗತ್ಯವಿರಲಿಲ್ಲವೆಂದು ಕಾಣುತ್ತದೆ.

ಮುಂದೆ ಇದನ್ನು ಲೋಕಪ್ರಸಿದ್ಧಗೊಳಿಸಿದವನು ವಿಯೆನ್ನಾದ ಷೂಬರ್ಟ್. 1815ರಲ್ಲಿ ಅವನಿಗೆ ಹದಿನೆಂಟು ವರ್ಷ, ತಂದೆಯ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯ. ಪಿಯಾನೋ ಮೇಲೆ ಬಲಗೈ ಬಿಡುವಿಲ್ಲದೆ ಕುದುರೆಯ ಓಟವನ್ನು ಬಡಿಯುತ್ತಿರಬೇಕು; ಒಬ್ಬನೇ ಗಾಯಕ ಕಥೆಗಾರ, ತಂದೆ, ಮಗು, ಅರಸ ಈ ನಾಲ್ವರೂ ಆಗಬೇಕು. ಮಗು ಕೂಗಿದ ಪ್ರತಿಸಲವೂ ಸ್ವರ ಇನ್ನಷ್ಟು ಮೇಲಕ್ಕೇರುತ್ತದೆ. ಸ್ನೇಹಿತನೊಬ್ಬ 1816ರಲ್ಲಿ ಇದನ್ನೂ ಇತರ ಹಾಡುಗಳನ್ನೂ ಗಯಟೆಗೆ ಕಳುಹಿಸಿದ. ಕಟ್ಟು ಉತ್ತರವಿಲ್ಲದೆ ಹಿಂದಕ್ಕೆ ಬಂದಿತು. 1821ರಲ್ಲಿ ಅಚ್ಚಾದಾಗ ಷೂಬರ್ಟನ ‘ಮೊದಲನೆಯ ಕೃತಿ’ ಎಂಬ ಸಂಖ್ಯೆ ಇದಕ್ಕೇ ಸಂದಿತು.

ಈಗ ನಾನು ನಗದೆ ಕುಳಿತಿದ್ದ ಕಾರಣ.

ಈ ಸಂಚಿಕೆಗೆ ಲೇಖನವನ್ನಲ್ಲ, ಕವನದ ಕನ್ನಡ ಅನುವಾದವನ್ನೇ ಕೊಡಬೇಕೆಂದು ಹೊರಟಿದ್ದೆ. ಮೊದಲ ಮೂರು ಪದ್ಯಗಳು ಹೇಗೋ ಸಾಗಿದವು. ತಂದೆಯ ಎರಡನೆಯ ಉತ್ತರದಲ್ಲಿ ಸಿಕ್ಕಿಬಿದ್ದೆ. ‘ಹೆದರಬೇಡ ಮಗು, ಅದು ಗಾಳಿ’ ಎಂದು ಬರೆದು ಓದಿಕೊಂಡರೆ ನನ್ನ ಮೈಯೇ ಜುಮ್ಮೆಂದಿತು. ಕನ್ನಡದಲ್ಲಿ ಗಾಳಿ ಎಂದರೇನು? ಬೀಸುವುದೂ ಗಾಳಿ, ಮೆಟ್ಟಿಕೊಳ್ಳುವುದೂ ಗಾಳಿ. ನಮ್ಮ ಹಳ್ಳಿಯಲ್ಲಿ ‘ಮಗೀಗೆ ಗಾಳಿ ಸೋಕೈತೆ’ ಎಂದರೆ ಯಾರೂ ಕಿಟಕಿ ಮುಚ್ಚುವುದಿಲ್ಲ. ಗಾಳಿ ಬಿಡಿಸುವವನನ್ನು ಕರೆಯುತ್ತಾರೆ. ಗಯಟೆಯ ತಂದೆ ಭಯವನ್ನು ಹೋಗಲಾಡಿಸಲು ಹೇಳಿದ ಮಾತು ಕನ್ನಡಕ್ಕೆ ಬಂದೊಡನೆ ಭಯವನ್ನು ಖಚಿತಪಡಿಸುವ ಮಾತಾಯಿತು. ಮರದಲ್ಲಿರುವ ‘ಮುನಿ’ಯ ಕಥೆಯೂ ಇಂಥದೇ. ಚಿಕ್ಕಂದಿನಲ್ಲಿ ನಾನು ಆ ಪದವನ್ನು ‘ಮುನಿಸಿಕೊಂಡವನು’ ಎಂದೇ ತಿಳಿದಿದ್ದೆ. ಋಷಿಯೆಂಬ ಅರ್ಥ ಹೈಸ್ಕೂಲಿಗೆ ಬಂದಮೇಲೆ ಗೊತ್ತಾಯಿತು. ಆಗಲೂ ಮರದ ಮೇಲಿನವನು ಮುನಿಸಿಕೊಂಡೇ ಇದ್ದ. ಹೆರ್ಡರನ ಮೇಲೆ ನನಗೆ ಮರುಕ ಹುಟ್ಟಿದ್ದು ಆವಾಗಲೇ.

ನನಗೆ ಐದು ವರ್ಷವಾಗಿದ್ದಾಗ ಒಂದು ರಾತ್ರಿ ಜ್ವರ ವಿಪರೀತವಾಗಿ ಏರಿತಂತೆ. ಚಿಕ್ಕಪ್ಪ ಮೊಪೆಡ್ ಓಡಿಸಿದರು, ತಂದೆಯವರು ಹಿಂದೆ ಕುಳಿತು ಕಂಬಳಿಯಲ್ಲಿ ಸುತ್ತಿದ ನನ್ನನ್ನು ಅಪ್ಪಿಕೊಂಡಿದ್ದರು. ತಾಲ್ಲೂಕು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೆರೆಯ ಕೋಡಿಯ ಬಳಿ ದೊಡ್ಡ ಹುಣಿಸೆಯ ಮರವಿದೆ. ಅದನ್ನು ದಾಟುವಾಗ ನಾನು ಕಿರುಚಿಕೊಂಡೆ. ಕಂಡದ್ದೇನೆಂದು ನನಗೆ ಈಗಲೂ ನೆನಪಿದೆ, ಬರೆಯಲಾರೆ. ಆಸ್ಪತ್ರೆಯಲ್ಲಿ ಮೂರು ದಿನವಿದ್ದು ಗುಣವಾದೆ. ಅತ್ತ ಅಜ್ಜಿಯೂ ಅವ್ವನೂ ಮೊಟ್ಟೆ ನಿಂಬೆಹಣ್ಣು ನಿವಾಳಿಸಿ ಮರದ ಬುಡದಲ್ಲಿಟ್ಟು ಬಂದಿದ್ದರು. ನಾನು ಬದುಕಿದ್ದು ಇಂಜೆಕ್ಷನಿನಿಂದಲೋ ಮೊಟ್ಟೆಯಿಂದಲೋ ಎಂಬ ವಾದ ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ಅಂದಹಾಗೆ, ಕವನದ ಮಗುವಿಗೆ ಜ್ವರವಿತ್ತೆಂದು ಗಯಟೆ ಎಲ್ಲಿಯೂ ಹೇಳಿಲ್ಲ. ವಿಮರ್ಶಕರು ಹೇಳುತ್ತಾರೆ, ನಾನೂ ಕೇಳಿದ ಕೂಡಲೆ ಹಾಗೆಯೇ ಅಂದುಕೊಂಡೆ.

ಈ ಸಲ ದಸರಾ ರಜೆಯಲ್ಲಿ ಊರಿಗೆ ಹೋದಾಗ ಜಗುಲಿಯ ಮೇಲೆ ಕುಳಿತು ತಂದೆಯವರಿಗೆ ಈ ಕಥೆಯನ್ನು ಹೇಳಿದೆ. ಅವರಿಗೆ ಓದುಬರಹವಿಲ್ಲ. ನನ್ನ ಪುಸ್ತಕಗಳಲ್ಲಿರುವುದನ್ನು ನಾನು ಅವರಿಗೆ ಹೇಳಿದ್ದು ಅದೇ ಮೊದಲು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಮಗು ಸತ್ತಿತೆಂಬಲ್ಲಿಗೆ ಬಂದಾಗ ಅವರು ಬೀಡಿಯನ್ನು ಆರಿಸಿದರು.

“ಆವಯ್ಯನೂ ಗಾಳಿ ಅಂತ್ಲೇ ಅಂದ್ನಾ?” ಎಂದರು.

“ಹೂಂ. ನೀನು ಅವತ್ತು ಏನಂದಿದ್ದೆ ಅಪ್ಪ?”

“ಅದ್ನೇ ಅಂದೆ. ಏನಿಲ್ಲ ಕಣ್ಮಗ, ಗಾಳಿ ಅಂದೆ. ಅಂದ್ಬುಟ್ಮ್ಯಾಲೆ ನಂಗೇ ದಿಗಿಲಾಯ್ತು, ಇದ್ಯಾಕೆ ಈ ಮಾತು ಆಡ್ಬುಟ್ನಪ್ಪಾ ಅಂತ.”

ಇಷ್ಟು ವರ್ಷ ಕೇಳದಿದ್ದುದನ್ನು ಆಗ ಕೇಳಿದೆ. “ನಿಂಗೂ ಏನಾರ ಕಾಣಿಸ್ತಾ?”

“ನಾನೆಲ್ಲಿ ಮರ ನೋಡ್ಲಿ? ನಿನ್ ಮೊಕ ನೋಡ್ತಾ ಇದ್ದೆ. ನೀನು ಅದೇನೋ ಅಂತಿದ್ದೆ, ನಾನೂ ಏನೋ ಅಂತಿದ್ದೆ. ಮಾತಾಡ್ತಾ ಇದ್ರೆ ಉಸುರು ಐತೆ ಅಂತ ಗೊತ್ತಾಯ್ತದಲ್ಲ.”

ಒಳಗಿನಿಂದ ಅವ್ವ, ಮೊಟ್ಟೆ ಇಟ್ಟು ಬಂದವರು ತಾವು ಎಂಬುದನ್ನು ಮತ್ತೊಮ್ಮೆ ಜ್ಞಾಪಿಸಿದಳು.

ಕಾಲೇಜಿಗೆ ಹಿಂತಿರುಗಿದ ಮೇಲೆ ಅನುವಾದವನ್ನು ಮತ್ತೆ ಕೈಗೆತ್ತಿಕೊಂಡೆ. ‘ಎಲೆ ಅಲುಗಾಡುತ್ತಿದೆ’ ಎಂದು ಬರೆದೆ, ಹೊಡೆದುಹಾಕಿದೆ. ‘ತರಗೆಲೆಯ ಸದ್ದು’ ಎಂದು ಬರೆದೆ. ಗಾಳಿಯೇ ಇಲ್ಲದೆ ಸದ್ದು ಎಲ್ಲಿಂದ ಬಂದಿತು ಎಂದು ಮಗು ಕೇಳುವಂತೆ ತೋರಿತು. ಸಂಪಾದಕರು ಕೊಟ್ಟ ಗಡುವು ಮುಗಿಯುತ್ತ ಬಂದುದರಿಂದ ಅನುವಾದದ ಬದಲು ಈ ಲೇಖನವನ್ನು ಕೊಟ್ಟಿದ್ದೇನೆ. ನೋಟ್‌ಬುಕ್ಕಿನ ಆ ಪುಟದಲ್ಲಿ ಒಂದು ಪಂಕ್ತಿಯ ಜಾಗ ಇನ್ನೂ ಖಾಲಿಯಾಗಿದೆ.